ಬೇಡದ್ದೇನೂ ಇಲ್ಲದ ಕಂಪ್ಯೂಟರು

ತನಗೇ ಅರ್ಧ ಗೊತ್ತಿರುವವನು ಏನೂ ಗೊತ್ತಿಲ್ಲದವರಿಗೆ ಕಲಿಸಲು ಕೂತರೆ ಏನೇನಾಗಬಹುದೋ, ಅದೆಲ್ಲ ರಾಣೆಬೆನ್ನೂರಿನ ನನ್ನ ಕಂಪ್ಯೂಟರ್ ಕ್ಲಾಸಿನಲ್ಲಿ ಆಗಿದೆ. ಇದು ಸಿ.ಡಿ. ಕಾಲದ ಮಾತು. ಆಗೆಲ್ಲ ಕಂಪ್ಯೂಟರ್ ಬಾರದಿದ್ದರೆ ಹೆಣ್ಣೂ ಸಿಗುವುದಿಲ್ಲ ಎಂದು ಜನ ನಂಬಿದ್ದರು. ನನ್ನವು ಹಳೇ ಮಷೀನುಗಳು. ಬಟನ್ ಒತ್ತಿ, ಹೊರಗೆ ಹೋಗಿ ಗಿರಮಿಟ್ ತಿಂದು ಬಂದರೂ ಇನ್ನೂ ಏಳುತ್ತಲೇ ಇರುತ್ತಿದ್ದವು. ಅಷ್ಟರಲ್ಲಿ ಎದುರಿಗೇ ಒಂದು ಹೊಸ ಕ್ಲಾಸು ಶುರುವಾಗಿ, ನನ್ನ ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ರಸ್ತೆ ದಾಟತೊಡಗಿದರು. ಉಳಿದವರೂ ಹೋದರೆ ಬಾಗಿಲು ಮುಚ್ಚಿ ಮಾವನ ಗೊಬ್ಬರದ ಅಂಗಡಿಯಲ್ಲಿ ಕೂರಬೇಕು. ನನಗೆ ನಿಜಕ್ಕೂ ಹೆದರಿಕೆಯಾಗಿತ್ತು.

೧. ಹಾವೇರಿಯ ಸಿ.ಡಿ.

ಹಾವೇರಿಯಲ್ಲಿ ಕಾಲೇಜು ಮೇಷ್ಟರಾಗಿದ್ದ ಗೆಳೆಯನ ಹತ್ತಿರ ಕಷ್ಟ ಹೇಳಿಕೊಂಡೆ. ಅವನು ಒಂದು ಸಿ.ಡಿ. ಕೊಟ್ಟ.

"ಇದು ಲಿನಕ್ಸ್, ಕಂಪ್ಯೂಟರ್ ನಡಸೋ ಸಾಫ್ಟ್‌ವೇರು. ಅದರಾಗೂ ಭಾಳ ಸಣ್ಣದು. ಬ್ಯಾಡಾದದ್ದೆಲ್ಲಾ ತಗದು ಹಾಕ್ಯಾರ. ನಿನ್ನ ಮಷೀನು ಹಾರತಾವ ನೋಡು."

"ಆಟ ಅದಾವೇನು?"

"ಇಲ್ಲ."

"ಹಾಡು ಕೇಳಾಕ?"

"ಅದನ್ನ ನೀನ ಹಾಕ್ಕೋಬೇಕು."

"ಮೌಸ್ ಆದ್ರೂ ನಡೀತೈತಿಲ್ಲೋ?"

"ಅದನ್ನೂ ನೀನ ಹಾಕ್ಕೋಬೇಕು."

"ಮತ್ತ ಇದರಾಗ ಏನೈತಿ ಮಾರಾಯಾ?"

ಅವನು ಬಹಳ ಹೆಮ್ಮೆಯಿಂದ ಹೇಳಿದ, "ಜಾಗಾ ಐತಿ!"

೨. ಮೊದಲ ಪಾಠ

ಎಲ್ಲ ಮಷೀನಿಗೂ ಅದನ್ನೇ ಹಾಕಿದೆ. ಒತ್ತಿದ್ದೇ ತಡ, ಎದ್ದು ನಿಂತವು. ಆದರೆ ತೆರೆಯ ಮೇಲೆ ಬರೀ ಕಪ್ಪು, ಮೂಲೆಯಲ್ಲಿ ಮಿಣಮಿಣ ಎನ್ನುವ ಒಂದು ಸಣ್ಣ ಗೆರೆ. ಮುಂದೇನು ಮಾಡಬೇಕೆಂದು ನನಗೂ ಪೂರ್ತಿ ಗೊತ್ತಿರಲಿಲ್ಲ.

ಮೇಡ್ಲೇರಿಯಿಂದ ಬರುತ್ತಿದ್ದ ಹುಡುಗಿ ಕೈಕಟ್ಟಿ ಕೂತಿದ್ದಳು. ಕೊನೆಗೆ ಕೇಳಿದಳು, "ಸರ್, ಯಾವಾಗ ಚಾಲೂ ಆಕ್ಕೈತ್ರಿ?"

"ಚಾಲೂ ಆಗೇತವಾ."

"ಮತ್ತ ಯಾಕ ಸುಮ್ಮನ ಕುಂತೈತ್ರಿ?"

"ನೀ ಏನ್ ಹೇಳ್ತಿ ಅಂತ ಕಾಯಾಕತ್ತೈತಿ."

ಅವಳು ತೆರೆಯ ಹತ್ತಿರ ಬಾಗಿ ಮೆಲ್ಲಗೆ ಅಂದಳು, "ನಮಸ್ಕಾರ್ರಿ."

೩. ಬ್ಯಾಡಗಿಯ ಸಾವ್ಕಾರ

ಹಳೇ ಮಷೀನು ಹಾರುವ ಸುದ್ದಿ ಬ್ಯಾಡಗಿಗೂ ಮುಟ್ಟಿತು. ಒಬ್ಬ ಮೆಣಸಿನಕಾಯಿ ಸಾವ್ಕಾರರು ಕರೆಸಿದರು. ಹೋಗಿ ಸೀನುತ್ತಲೇ ಹಾಕಿಕೊಟ್ಟೆ. ಅವರಿಗೆ ಖುಷಿಯೋ ಖುಷಿ.

"ಭಾರೀ ಆತ್ರಿ ಸರ. ಇನ್ನ ಒಂದು ಪ್ರಿಂಟ್ ತಗೀರಿ."

ಪ್ರಿಂಟರ್ ನಡೆಸುವ ಸಾಫ್ಟ್‌ವೇರು ಇದರಲ್ಲಿ ಇರಲಿಲ್ಲ. ಅದನ್ನು ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳಬೇಕು. ಇಂಟರ್ನೆಟ್ಟಿಗೆ ಮೋಡೆಮ್ ನಡೆಯಬೇಕು. ಮೋಡೆಮ್ ನಡೆಸುವ ಸಾಫ್ಟ್‌ವೇರನ್ನೂ ಇಂಟರ್ನೆಟ್ಟಿನಿಂದಲೇ ಇಳಿಸಿಕೊಳ್ಳಬೇಕು. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು. ಹೇಳುತ್ತ ಹೇಳುತ್ತ ನನಗೇ ತಲೆ ಗಿರ್ರೆಂದಿತು.

"ಬ್ಯಾಡಾದದ್ದು ತಗದ್ರನ ಮಷೀನು ಹಗುರ ಆಗೋದ್ರಿ," ಎಂದು ಸಮರ್ಥಿಸಿಕೊಂಡೆ.

ಸಾವ್ಕಾರರು ಅಂಗಳದತ್ತ ಕೈ ತೋರಿಸಿದರು. ಅಲ್ಲಿ ಹೆಂಗಸರು ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದರು.

"ತೊಟ್ಟು ನಾವೂ ತಗೀತೇವ್ರಿ ಸರ. ಆದ್ರ ಕಾಯಿ ಇಟ್ಕೋತೇವಿ."

೪. ಮೇಡ್ಲೇರಿಯ ಯಜಮಾನರು

ನನ್ನ ಧೈರ್ಯ ಅಲ್ಲಿಗೆ ಮುಗಿಯಿತು. ವಾಪಸು ಬಂದವನೇ ಎಲ್ಲ ಮಷೀನಿಗೂ ಮತ್ತೆ ಹಳೆಯದನ್ನೇ, ಬಣ್ಣದ ಚಿತ್ರ ಬರುವುದನ್ನೇ ಹಾಕಿದೆ. ಪ್ರತಿ ತೆರೆಯ ಮೇಲೂ ಒಂದೊಂದು ಸೂರ್ಯಕಾಂತಿ ಹೂವು.

ಮರುದಿನ ಮೇಡ್ಲೇರಿ ಹುಡುಗಿಯ ತಂದೆ ಬಂದರು. ಹಿಂದೆ ಅಣ್ಣತಮ್ಮಂದಿರ ಮಕ್ಕಳ ಒಂದು ಸಾಲು. ಹುಡುಗಿಯನ್ನು ಬಿಡಿಸಲು ಬಂದರೆಂದೇ ಅಂದುಕೊಂಡೆ. ಅವರು ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ ಶುರು ಮಾಡಿದರು.

"ಸರ, ನಿಮ್ಮಲ್ಲಿ ಕರೀ ಪರದೆ ಕಂಪ್ಯೂಟರ್ ಐತಂತಲ್ರಿ? ಮಗಳು ಹೇಳಿದ್ಲು. ಬ್ಯಾಂಕಿನಾಗ ಅದ ಐತಿ. ರೇಲ್ವೆ ಸ್ಟೇಷನ್‌ನಾಗ ಟಿಕೆಟ್ ಕೊಡೋರ ಮುಂದೂ ಅದ ಐತಿ. ನೌಕರಿ ಇದ್ದಲ್ಲೆಲ್ಲಾ ಕರೀದ ಇರತೈತ್ರಿ. ಆ ಎದುರಿನ ಕ್ಲಾಸಿನಾಗ ಬರೇ ಚಿತ್ರ ತೋರಸ್ತಾರ. ಅದಕ್ಕ ಈ ಹುಡುಗರನ್ನೆಲ್ಲಾ ನಿಮ್ಮಲ್ಲೇ ಹಚ್ಚಬೇಕಂತ ಬಂದೇನಿ."

ಆ ಕಪ್ಪನ್ನೆಲ್ಲ ನಾನು ಹಿಂದಿನ ದಿನವಷ್ಟೇ ಅಳಿಸಿ ಹಾಕಿದ್ದೆ. ಅವರು ಇನ್ನೊಂದು ಚಪ್ಪಲಿ ಬಿಡುವಷ್ಟರಲ್ಲಿ ಓಡಿಹೋಗಿ ಮೇನ್ ಸ್ವಿಚ್ ಆರಿಸಿದೆ.

ಒಳಗೆ ಬಂದ ಯಜಮಾನರು ಸಾಲಾಗಿ ಕಪ್ಪಗಿದ್ದ ತೆರೆಗಳನ್ನು ಕಣ್ತುಂಬ ನೋಡಿದರು.

"ನೋಡ್ರಿಲೇ, ಇದು ನೌಕರಿ ಕಂಪ್ಯೂಟರ್!" ಎಂದು ಹುಡುಗರಿಗೆ ಹೇಳಿ, ನನ್ನತ್ತ ತಿರುಗಿ ಕೇಳಿದರು, "ಇದರಾಗ ಅಕ್ಷರ ಬರತಾವಂತಲ್ರಿ, ಅವೆಲ್ಲಿ?"

"ಅವನ್ನ ನಾಳಿಂದ ಕಲಿಸ್ತೇನ್ರಿ!" ಅಂದೆ.