ಅವಲಕ್ಕಿ ಡಬ್ಬಿಯ ನಿವಾಸಿ

ಇಂಗ್ಲೆಂಡಿನ ಸಾಲ್ಫರ್ಡಿನ ಆ ಎಂಟಂತಸ್ತಿನ ಬಾಡಿಗೆ ಕಟ್ಟಡದಲ್ಲಿ ಗೋಡೆಗಳಿಗೆ ತೇವ ಬರುವುದಿಲ್ಲ. ಹಾಗೆಂದು ಕಟ್ಟಡ ನಿರ್ವಹಣಾ ಕಚೇರಿ ಲಿಖಿತವಾಗಿ ತಿಳಿಸಿದೆ. ಬಂದಂತೆ ಕಂಡರೆ ಅದು ತೇವವಲ್ಲ, ನಿವಾಸಿಗಳ ಜೀವನಶೈಲಿ.

ಐದನೇ ಅಂತಸ್ತಿನ ದಿವಾಕರನ ಮಲಗುವ ಕೋಣೆಯಲ್ಲಿ ಈ ಜೀವನಶೈಲಿ ಮೂಲೆಯಿಂದ ಹೊರಟು ಮಂಚದಷ್ಟಗಲ ಕಪ್ಪಗೆ ಹಬ್ಬಿತ್ತು. ತಪಾಸಣೆಗೆ ಬಂದ ಅಧಿಕಾರಿ ಮಿಸೆಸ್ ಹಾರ್‌ಗ್ರೀವ್ಸ್ ಗೋಡೆಯ ಕಡೆ ತಿರುಗಲಿಲ್ಲ. ನೇರ ಅಡುಗೆಮನೆಗೆ ಹೋಗಿ ಕುಕ್ಕರನ್ನು ನೋಡಿದರು. ಅದೇ ವಾರ ಆದೇಶ ಬಂತು: "ಆವಿಯ ನಿಯಂತ್ರಣಕ್ಕಾಗಿ, ಪ್ರತಿ ನಿವಾಸಿಗೆ ವಾರಕ್ಕೆ ಕುಕ್ಕರಿನ ನಾಲ್ಕು ಕೂಗು. ಉಳಿದದ್ದನ್ನು ಮುಂದಿನ ವಾರಕ್ಕೆ ಒಯ್ಯುವಂತಿಲ್ಲ." ಕೂಗು ಎಣಿಸಲು ಕೆಳಗಿನ ಮನೆಯ ನಿವೃತ್ತ ರೈಲ್ವೆ ಗಾರ್ಡ್ ಒಬ್ಬರು ತಾವಾಗಿಯೇ ಮುಂದೆ ಬಂದರು.

ಗಂಡ ಹೆಂಡತಿಗೆ ಸೇರಿ ಎಂಟು ಕೂಗು. ಮಂಗಳವಾರಕ್ಕೆ ಎಲ್ಲ ಮುಗಿದು, ಬುಧವಾರದಿಂದ ಬ್ರೆಡ್ಡು. ಅನ್ನ ಸಾರಿಲ್ಲದೆ ದಿವಾಕರ ಅರ್ಧ ಆಗಿಹೋದ.

"ನಾವು ಅನ್ನ ಮಾಡೋದಕ್ಕೂ ಆ ಗೋಡೆಗೂ ಏನ್ರೀ ಸಂಬಂಧ?" ಅಂದಳು ಅವನ ಹೆಂಡತಿ ಭಾವನಾ.

"ಪ್ರೂಫ್ ಕೇಳ್ತಾರೆ. ಕೊಡೋಣ ಬಿಡು."

ಮೀಡಿಯಾಸಿಟಿಯಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನಿಗೆ ಅದೇನು ಮಹಾ. ಒಂದೇ ಬೋರ್ಡಿನ, ಅಂಗೈಯಗಲದ ಕಂಪ್ಯೂಟರ್ ತರಿಸಿ, ತೇವ ಅಳೆಯುವ ಸೆನ್ಸರ್ ಸಿಕ್ಕಿಸಿದ. ಆದರೆ ಬಾಡಿಗೆ ಕರಾರಿನ ಪ್ರಕಾರ ಕಟ್ಟಡವನ್ನು ಅಳೆಯುವ ಯಾವ ಸಾಧನವನ್ನೂ ಮನೆಯಲ್ಲಿಡುವಂತಿಲ್ಲ. ಹಾಗಾಗಿ ಅದನ್ನು ಸ್ಟೀಲ್ ಡಬ್ಬಿಯೊಳಗೆ ಬಚ್ಚಿಟ್ಟ. ವೈಫೈ ಸಿಗಲಿಲ್ಲ. ಮೂರು ದಿನ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಿದ.

"ಸ್ಟೀಲ್ ಡಬ್ಬಿ ಒಳಗೆ ಸಿಗ್ನಲ್ ಹೇಗ್ರೀ ಹೋಗತ್ತೆ?" ಎಂದು ಭಾವನಾ ಅವಲಕ್ಕಿಯ ಪ್ಲಾಸ್ಟಿಕ್ ಡಬ್ಬಿ ಖಾಲಿ ಮಾಡಿ, ತೂತು ಹೊಡೆದು ಕೊಟ್ಟಳು. ಡಬ್ಬಿ ವಾರ್ಡ್‌ರೋಬಿನ ಮೇಲೆ, ಸೂಟ್‌ಕೇಸುಗಳ ಹಿಂದೆ ಕೂತಿತು.

ಆಮೇಲೆ ಇಬ್ಬರೂ ಮೂರು ವಾರ ಬೆಂಗಳೂರಿಗೆ ಹೋದರು. ಇಲ್ಲಿ ಮನೆಗೆ ಬೀಗ, ಕುಕ್ಕರ್ ಕಪಾಟಿನಲ್ಲಿ. ಆದರೂ ತೇವ ದಿನದಿನಕ್ಕೆ ಏರಿತು. ಜಯನಗರದಲ್ಲಿ ಕೂತು ಫೋನಿನಲ್ಲಿ ತೇವದ ಗ್ರಾಫಿನ ಗೆರೆ ಮೇಲೇರುವುದನ್ನು ನೋಡಿ ದಿವಾಕರನಿಗೆ ಎಷ್ಟು ಖುಷಿಯಾಯಿತೆಂದರೆ, ಹಾಳಾಗುತ್ತಿರುವುದು ತನ್ನ ಮನೆಯ ಗೋಡೆ ಎಂಬುದೇ ಮರೆತುಹೋಯಿತು.

ಮರಳಿದವನೇ ಇಪ್ಪತ್ತೆರಡು ಪುಟದ ವರದಿ, ವಿಮಾನದ ಟಿಕೆಟು ಹಿಡಿದು ಕಚೇರಿಗೆ ಹೋದ. ಮಿಸೆಸ್ ಹಾರ್‌ಗ್ರೀವ್ಸ್ ಪೂರ್ತಿ ಓದಿದರು.

"ಆ ಮೂರು ವಾರ ಮನೆಯಲ್ಲಿ ಯಾರಿದ್ದರು?"

"ಯಾರೂ ಇಲ್ಲ. ಅವಲಕ್ಕಿ ಡಬ್ಬಿಯಲ್ಲಿದ್ದ ಕಂಪ್ಯೂಟರ್ ಮಾತ್ರ."

"ಅಂದರೆ ಅದು ಇತ್ತು. ಹಗಲೂ ರಾತ್ರಿ ಎಚ್ಚರವಾಗಿತ್ತು. ಮೈ ಬೆಚ್ಚಗಿತ್ತು. ಒಮ್ಮೆಯಾದರೂ ಕಿಟಕಿ ತೆರೆಯಿತೇ?"

ದಿವಾಕರ ಸುಳ್ಳು ಹೇಳುವವನಲ್ಲ. "ಇಲ್ಲ," ಎಂದ. ತೇವದ ಮೂಲ ಪತ್ತೆಯಾಯಿತು.

ವಾರದೊಳಗೆ ಪತ್ರ ಬಂತು: "ಅವಲಕ್ಕಿ ಡಬ್ಬಿಯಲ್ಲಿ ವಾಸವಿರುವವರಿಗೆ. ಮಾನ್ಯರೇ, ತಾವು ಅನುಮತಿಯಿಲ್ಲದೆ ವಾಸವಾಗಿರುವುದು ಗಮನಕ್ಕೆ ಬಂದಿದೆ. ತಮ್ಮನ್ನು ಈ ಮನೆಯ ಮೂರನೇ ನಿವಾಸಿಯೆಂದು ದಾಖಲಿಸಲಾಗಿದೆ. ಇನ್ನು ಮುಂದೆ ದಿನಕ್ಕೆರಡು ಸಲ ಕಿಟಕಿ ತೆರೆಯತಕ್ಕದ್ದು."

ದಿವಾಕರ ಕೆಂಡಾಮಂಡಲವಾದ. "ಕೋರ್ಟಿಗೆ ಹೋಗ್ತೀನಿ! ಬಿಡೋ ಮಾತೇ ಇಲ್ಲ!"

ಭಾವನಾ ಪತ್ರವನ್ನು ಇನ್ನೊಮ್ಮೆ ಓದಿದಳು. "ಸ್ವಲ್ಪ ಸುಮ್ನಿರ್ರೀ. ಮೂರನೇ ನಿವಾಸಿ ಅಂದ್ರೆ ಇನ್ನೂ ನಾಲ್ಕು ಕೂಗು ಬಂತಲ್ಲ."

ದಿವಾಕರ ಕುರ್ಚಿಯಲ್ಲಿ ಕೂತ. ಆ ಬುಧವಾರ ಮನೆಯಲ್ಲಿ ಬಿಸಿಬೇಳೆಬಾತ್ ಆಯಿತು. ಕೆಳಗಿನ ಗಾರ್ಡ್ ಸಾಹೇಬರು ನಾಲ್ಕೂ ಕೂಗು ಎಣಿಸಿ ಕಂಪ್ಯೂಟರಿನ ಹೆಸರಿಗೆ ಬರೆದುಕೊಂಡರು.

ಈಗ ದಿವಾಕರನ ಮನೆಯಲ್ಲಿ ಅಂಥ ಕಂಪ್ಯೂಟರುಗಳು ಐದಿವೆ. ಪಕ್ಕದ ಮನೆಯ ಫರೀದಾ ಅವರಲ್ಲಿ ಆರು. ಅವರಿಗೆ ದಾಲ್ಚಾ ಮಾಡಬೇಕಲ್ಲ, ಬೇಳೆಯ ಜೊತೆ ಮಾಂಸವೂ ಬೇಯಬೇಕು. ಬಚ್ಚಿಡುವ ತಾಪತ್ರಯವಿಲ್ಲ, ತಪಾಸಣೆಯಲ್ಲಿ ಎದ್ದು ಕಾಣುವಂತೆ ಬಾಗಿಲ ಹತ್ತಿರವೇ ಸಾಲಾಗಿ ಇಡುತ್ತಾರೆ. ಯಾವುದಕ್ಕೂ ಸೆನ್ಸರ್ ಸಿಕ್ಕಿಸಿಲ್ಲ.

ಕಳೆದ ತಿಂಗಳು ಮಿಸೆಸ್ ಹಾರ್‌ಗ್ರೀವ್ಸ್ ಮೊದಲ ಬಾರಿಗೆ ಗೋಡೆಯನ್ನು ನೋಡಿದರು. ಕಪ್ಪು ಬೂಷ್ಟು ಕಿಟಕಿಯನ್ನು ದಾಟಿ ಊಟದ ಮೇಜಿನವರೆಗೆ ಬಂದಿತ್ತು. "ಇಷ್ಟು ಜನ ವಾಸವಿರುವ ಮನೆಯಲ್ಲಿ ಇಷ್ಟಾದರೂ ಆಗದಿರುತ್ತದೆಯೇ?" ಎಂದರು.

ದಿವಾಕರನ ಬಾಯಿ ತುಂಬ ಅನ್ನವಿತ್ತು. ಹೌದೆಂದು ತಲೆಯಾಡಿಸಿದ.