ದೋಣಿ ಇಂಜಿನ್ನಿಗೆ ಹೋದ ಗಿಟಾರಿನ ನಾಲ್ಕು ಸ್ಕ್ರೂಗಳ ಬಗ್ಗೆ

ದೀವಿಹಲಸಿನ ಮರದಡಿ ಮುಚ್ಚಳವಿಲ್ಲದ ಬೋಳುತಲೆಯಲ್ಲಿ ವಿಶ್ರಮಿಸುತ್ತಿರುವ, ನಲವತ್ತು ಕುದುರೆ ಬಲದ ದೋಣಿ ಇಂಜಿನ್ ಅವರ ಸನ್ನಿಧಾನಕ್ಕೆ,

ಮಾನ್ಯರೇ,

ತಮ್ಮ ಯೋಗಕ್ಷೇಮ ವಿಚಾರಿಸುವ ಮುಂಚೆಯೇ ನನ್ನ ಕೆಟ್ಟ ಕನಸನ್ನು ಮುಂದಿಡುತ್ತಿರುವುದಕ್ಕೆ ಕ್ಷಮೆ ಇರಲಿ. ಕನಸಿನಲ್ಲಿ ತಾವು ನನ್ನ ಮಗಳು ಅಕೆನೇತಾಳನ್ನು ಕೂರಿಸಿಕೊಂಡು ನಡುಸಮುದ್ರದಲ್ಲಿ ಕೆಮ್ಮಿ ನಿಂತುಬಿಟ್ಟಿದ್ದಿರಿ. ನಾನು ನನ್ನ ಕೆಂಪು ಗಿಟಾರಿನ ಒಡಲಿನ ಮೇಲೆ ಕೂತು, ಅದರ ಕತ್ತನ್ನೇ ಹುಟ್ಟು ಮಾಡಿಕೊಂಡು ತಮ್ಮ ಕಡೆಗೆ ಬರುತ್ತಿದ್ದೆ. ಹುಟ್ಟು ಹಾಕಿದಷ್ಟೂ ದೋಣಿ ದೂರವಾಗುತ್ತಿತ್ತು. ಎದ್ದಾಗ ಅಂಗೈ ನಿಜವಾಗಿಯೂ ನೋಯುತ್ತಿತ್ತು. ಶಾಲೆಯನ್ನು ಅರ್ಧಕ್ಕೇ ಬಿಟ್ಟವನು, ಆ ಅರ್ಧವನ್ನೂ ಬಿಟ್ಟು ಬಿಟ್ಟು ಕಲಿತವನು ನಾನು. ಬರೆದದ್ದರಲ್ಲಿ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು. ಎಷ್ಟು ಪೆಟ್ರೋಲು ಸುರಿದರೂ ಸಾಲದ ಹೊಟ್ಟೆ ತಮ್ಮದು, ಇದೂ ಹಿಡಿಸೀತು.

ಹಿಂದೆ ತಮ್ಮ ಮುಚ್ಚಳದ ಕೊಂಡಿಗಳು ಮುರಿದು ಉಪ್ಪುನೀರು ತಲೆಗೇರಿ ತಾವು ದಾರಿಯಲ್ಲೇ ಮುನಿಸಿಕೊಳ್ಳತೊಡಗಿದಾಗ, ತಮ್ಮ ಯಜಮಾನನೂ ನನಗೆ ಭಾವನೂ ಆದ ಪೆಥೆಲಿ ಮುಚ್ಚಳ ಬಿಗಿಯಲೆಂದು ಒಳಗೆ ಮರದ ತುಂಡುಗಳನ್ನು ಕೂರಿಸಿ ಸ್ಕ್ರೂ ಹುಡುಕುತ್ತಿದ್ದ. ಅದೇ ಹೊತ್ತಿಗೆ ನಾನು, ತಂತಿಗಳು ಮೇಲೆದ್ದಿವೆ, ಕತ್ತಿನ ಬುಡಕ್ಕೊಂದು ಕಾಗದದ ಚೂರು ಇಡೋಣ ಎಂದು ಗಿಟಾರು ಬಿಚ್ಚಿ, ಕತ್ತನ್ನು ಒಡಲಿಗೆ ಬಿಗಿಯುವ ನಾಲ್ಕು ಸ್ಕ್ರೂಗಳನ್ನು ಜಗಲಿಯ ಚಾಪೆಯ ಮೇಲೆ ಎಲ್ಲರಿಗೂ ಕಾಣುವಂತೆ ತಟ್ಟೆಯಲ್ಲಿ ಇಟ್ಟಿದ್ದೆ. ನಮ್ಮ ಫಿಜಿಯಲ್ಲಿ ನೆಂಟರ ಕಣ್ಣಿಗೆ ಬಿದ್ದ ವಸ್ತು ಅರ್ಧ ನೆಂಟರದ್ದೇ. ಅವರು ಬಾಯಿಬಿಟ್ಟು 'ಕೆರೆಕೆರೆ' ಎಂದು ಕೇಳಿಬಿಟ್ಟರೆ ಇಲ್ಲವೆನ್ನುವ ನಾಲಿಗೆ ಯಾರಿಗೂ ಇಲ್ಲ. ಪೆಥೆಲಿ ಕೇಳಿಯೇಬಿಟ್ಟ. "ಕೆರೆಕೆರೆ ಭಾವ, ನಿನ್ನ ಗಿಟಾರು ಹೇಗೂ ಎರಡು ತುಂಡಾಗಿ ಮಲಗಿದೆ. ನನ್ನ ಇಂಜಿನ್ನೂ ಹೀಗೇ ಮಲಗಿದ್ರೆ ಊಟಕ್ಕೇನು ಮಾಡ್ತೀಯ, ತಂತಿ ಬೇಯಿಸ್ಕೊಂಡು ತಿಂತೀಯಾ?"

ಅಂದಿನಿಂದ ತಾವು ಎಷ್ಟು ಮೀನು, ಎಷ್ಟು ಪಾದ್ರಿಗಳು, ಎಷ್ಟು ಹಂದಿಗಳನ್ನು ದಾಟಿಸಿದಿರಿ! ಊರೆಲ್ಲ ತಮ್ಮನ್ನು ಹೊಗಳುವಾಗ ನಾನೂ ತಲೆದೂಗಿದ್ದೇನೆ, ಕತ್ತು ಕಳಚಿದ ಗಿಟಾರಿನವನಿಗೆ ತೂಗುವುದಕ್ಕೆ ತನ್ನ ತಲೆಯಾದರೂ ಉಳಿದಿತ್ತಲ್ಲ. ಆದರೆ ಮಗಳ ಮದುವೆ ಗೊತ್ತಾಯಿತು, ಎದುರಿನ ದ್ವೀಪದ ಹುಡುಗನ ಜೊತೆ. ಅವಳು ಚಾಪೆ ಕೇಳಲಿಲ್ಲ, ಪಾತ್ರೆ ಕೇಳಲಿಲ್ಲ. ಕುಣಿತಕ್ಕೆ ಅಪ್ಪನೇ ಗಿಟಾರು ನುಡಿಸಬೇಕು ಎಂದಳು. ಚಾವಣಿಯ ತಗಡಿಗೆ ಹೊಡೆದು ಮಿಕ್ಕಿದ ಸ್ಕ್ರೂ ಹಾಕಿ ನೋಡಿದೆ. ಅದು ದಪ್ಪ, ಉದ್ದವೂ ಹೌದು. ಇನ್ನೆರಡು ಸುತ್ತು ತಿರುಗಿಸಿದ್ದರೆ ಕತ್ತನ್ನು ಸೀಳಿ, ಬೆರಳಿಡುವ ಪಟ್ಟಿಯಿಂದ ಮೊಳಕೆಯ ಹಾಗೆ ಹೊರಗೆ ಇಣುಕುತ್ತಿತ್ತು. ಮುರಿದ ಬೆಂಚಿನ ಸ್ಕ್ರೂ ಗಿಡ್ಡ. ತಂತಿ ಬಿಗಿದೊಡನೆ ಕತ್ತು ಎದ್ದು ನಿಂತು ನನ್ನನ್ನೇ ನೋಡಿತು. ಸರಿಯಾದವು ತಮ್ಮ ತಲೆಯ ಮೇಲೆಯೇ ಇದ್ದವು. ಅವನ್ನು ಕಿತ್ತರೆ ಬೀಗರನ್ನು ಕರೆತರುವವರು ಯಾರು?

ಆದ್ದರಿಂದ ತಾವು ಬೀಗರನ್ನು ಇಳಿಸುವವರೆಗೆ ಕಾದೆ. ಅವರು ಮರಳಿಗೆ ಕಾಲಿಟ್ಟರು. ನಾನು ಅವರ ಕೈ ಹಿಡಿಯುವುದು ಬಿಟ್ಟು ಸ್ಕ್ರೂಡ್ರೈವರ್ ಹಿಡಿದು ನೇರ ತಮ್ಮ ಬಳಿಗೆ ಬಂದೆ. ಇವರಲ್ಲಿ ಮೊದಲ ಮರ್ಯಾದೆ ಇಂಜಿನ್ನಿಗೋ ಎಂದು ಬೀಗಿತ್ತಿ ಕೇಳಿದರಂತೆ. ಆಮೇಲೆ ನಾಲ್ಕಕ್ಕೂ ಸೋಪು ಸವರಿ, ಕತ್ತನ್ನು ಅದರ ಗುಳಿಯಲ್ಲಿ ಒತ್ತಿ ಹಿಡಿದು, ಪ್ರತಿ ಸ್ಕ್ರೂವನ್ನೂ ಮೊದಲು ಹಿಂದಕ್ಕೆ ತಿರುಗಿಸಿ, ಅದು ತನ್ನ ಹಳೆಯ ಹಾದಿಗೆ ಟಕ್ಕೆಂದು ಬಿದ್ದ ಮೇಲೆ ಮುಂದಕ್ಕೆ ತಿರುಗಿಸಿ, ಮೂಲೆಗೆ ಎದುರುಮೂಲೆಯಂತೆ ಸ್ವಲ್ಪ ಸ್ವಲ್ಪವೇ ಬಿಗಿದೆ. ಕತ್ತಿಗೂ ಒಡಲಿಗೂ ನಡುವೆ ಕೂದಲೂ ತೂರದಂತಾಯಿತು. ನುಡಿಸಿದೆ. ಅವಳು ಕುಣಿದಳು. ಅದರ ಬಗ್ಗೆ ಹೆಚ್ಚು ಬರೆಯಲು ನನಗೆ ಬರುವುದಿಲ್ಲ.

ಈಗ ದೂರಿಗೆ ಬರುತ್ತೇನೆ. ಮದುವೆ ಮುಗಿದರೂ ಬೀಗರು ಹೋಗುವಂತಿಲ್ಲ, ಏಕೆಂದರೆ ತಾವು ನನ್ನ ನಾಲ್ಕು ಸ್ಕ್ರೂ ಇಲ್ಲದೆ ಮುಚ್ಚಳ ಧರಿಸುವುದಿಲ್ಲ. ಭಾನುವಾರ ದೋಣಿ ಬಿಡಬಾರದು ಎಂದೆ, ಒಪ್ಪಿದರು. ಸೋಮವಾರ ಗಾಳಿಯ ಮೇಲೆ ಹಾಕಿದೆ. ಎಲೆಯೂ ಅಲುಗುತ್ತಿರಲಿಲ್ಲ, ಆದರೂ ಸೌಜನ್ಯಕ್ಕೆ ಒಪ್ಪಿದರು. ಆಮೇಲೆ, ಈಗಷ್ಟೇ ಕೂಡಿದ ಕತ್ತು, ಪದೇ ಪದೇ ಬಿಚ್ಚಿದರೆ ಮರದ ತೂತು ಸವೆಯುತ್ತದೆ ಎಂದೆ. ಬೀಗರು ನಮ್ಮ ಕೆಸುವಿನ ಗೆಡ್ಡೆ ತಿಂದು, ಯಂಗೋನಾ ಬೇರಿನ ಪಾನಕ ಕುಡಿದು, ದಿನವೂ ಸಮುದ್ರ ನೋಡುತ್ತ ಕೂತರು. ನನ್ನ ಹೆಂಡತಿ ವಸಿತಿ ಮಾತ್ರ ಎಲ್ಲರ ಮುಂದೆ ಕೇಳಿದಳು: "ಮಗಳನ್ನ ಕಟ್ಟಿಹಾಕೋಕೆ ಮನೇಲಿ ಹಗ್ಗ ಇರ್ಲಿಲ್ವಾ ನಿಂಗೆ?"

ಇದಕ್ಕೆಲ್ಲ ತಾವೇ ಕಾರಣ ಎಂದು ವಿನಯದಿಂದ ಆಪಾದಿಸುತ್ತೇನೆ. ಘನತೆವೆತ್ತ ತಾವು ಅಷ್ಟು ವೇಗವಾಗಿ ಹೋಗದೆ ಆಮೆಯಂತೆ ಸಾಗುವ ಅಭ್ಯಾಸ ಮಾಡಿಕೊಳ್ಳಬೇಕೆಂದೂ, ಹೋದ ದಾರಿಯನ್ನು ಆಗಾಗ ಮರೆತು ತಾವಾಗಿಯೇ ನಮ್ಮೂರಿಗೆ ಮರಳಬೇಕೆಂದೂ, ಸಾಧ್ಯವಾದರೆ ಎದುರಿನ ದ್ವೀಪವನ್ನೇ ಕಟ್ಟಿಕೊಂಡು ಕೂಗಳತೆಯಷ್ಟು ಹತ್ತಿರಕ್ಕೆ ಎಳೆದುತರಬೇಕೆಂದೂ ಪ್ರಾರ್ಥಿಸುತ್ತೇನೆ.

ಇಂದು ಬೆಳಗ್ಗೆ ಅಕೆನೇತಾ ಜಗಲಿಗೆ ಬಂದು, ಗಿಟಾರನ್ನು ಮಡಿಲಲ್ಲಿ ಬೋರಲು ಹಾಕಿಕೊಂಡು, ನನ್ನನ್ನು ಕೇಳದೆಯೇ ತಂತಿ ಸಡಿಲಿಸಿ ಸ್ಕ್ರೂ ಬಿಚ್ಚತೊಡಗಿದಳು. ಮೂಲೆಗೆ ಎದುರುಮೂಲೆ, ಸ್ವಲ್ಪ ಸ್ವಲ್ಪವೇ, ನಾನು ಕಲಿಸಿದ್ದೇ. ನಾಲ್ಕನ್ನೂ ಅಂಗೈಲಿ ಹಿಡಿದು, "ಚೆನ್ನಾಗಿ ನುಡಿಸ್ದೆ ಅಪ್ಪ. ನಾನಿನ್ನು ಹೊರಡ್ಬೇಕು" ಎಂದಳು. ನಾನು ಕತ್ತನ್ನು ಬಟ್ಟೆಯಲ್ಲಿ ಸುತ್ತಿಟ್ಟೆ.

ಸ್ಕ್ರೂಗಳನ್ನು ಈ ಪತ್ರದೊಂದಿಗೆ ಕಳಿಸಿದ್ದೇನೆ. ದಯವಿಟ್ಟು ಸ್ವೀಕರಿಸಬೇಕು.

ಇಂತು, ಕತ್ತೊಂದು ಕಡೆ ಒಡಲೊಂದು ಕಡೆ ಇಟ್ಟುಕೊಂಡಿರುವ
ತಮ್ಮ ವಿಶ್ವಾಸಿ,
ಇಲೈತಿಯ

ಮರೆತ ಮಾತು: ದಾರಿಯಲ್ಲಿ ತಾವೇನಾದರೂ ಕೆಮ್ಮಿದ ಸುದ್ದಿ ಬಂದರೆ, ನಾನು ಪೆಥೆಲಿಯ ಬಾಗಿಲಿಗೆ ಹೋಗಿ ಕೆರೆಕೆರೆ ಎಂದು ತಮ್ಮನ್ನೇ ಇಡಿಯಾಗಿ ಕೇಳಿ ತಂದು, ಕೋಳಿಗಳು ಕೂರುವುದಕ್ಕೆ ಅಂಗಳದಲ್ಲಿ ನಿಲ್ಲಿಸುತ್ತೇನೆ. ಮುಚ್ಚಳ ಕೂರಿಸಿದ ಮೇಲೆ, ಎಲ್ಲ ನೋಡಿದ್ದೇನೆ ಎನ್ನುತ್ತಾನೆ ಅವನು. ಅವನು ನೋಡುವ ಚಂದ ನನಗೆ ಗೊತ್ತು. ಎಡಗಡೆ ಹಿಂದಿನ ಸ್ಕ್ರೂ ಮರವನ್ನು ಸರಿಯಾಗಿ ಕಚ್ಚಿದೆಯೇ ಎಂದು, ದಡ ಬಿಡುವ ಮೊದಲು, ತಾವೇ ಇನ್ನೊಂದು ಸಲ ನಡುಗಿ ನೋಡಬೇಕು. ಅವಳು ಕೂರುವುದು ಆ ಕಡೆಗೇ.