ಪಂಕ್ತಿಯಲ್ಲಿ ಕೂತ ಹಾರ್ಡ್‌ಡಿಸ್ಕುಗಳು

ನಮ್ಮ ದೊಡ್ಡವ್ವನಿಗೆ ಹೆದರದ ಕಂಪ್ಯೂಟರು ಖಾನಾಪುರದಲ್ಲಿ ಇನ್ನೂ ಹುಟ್ಟಿಲ್ಲ! ಉಳಿದ ಹೆಂಗಸರು ತುರುಬಿಗೆ ಹೂ ಮುಡಿದರೆ, ಈ ನಿವೃತ್ತ ಗಣಿತ ಟೀಚರು ಸ್ಕ್ರೂಡ್ರೈವರ್ ಸಿಕ್ಕಿಸಿಕೊಳ್ಳುತ್ತಾಳೆ. ಅವಳ ಕಂಪ್ಯೂಟರಿನ ಪಕ್ಕದ ಮುಚ್ಚಳ ಎಲ್ಲಿದೆ ಅಂತೀರಿ? ಮಾಳಿಗೆಯ ಮೇಲೆ, ಹಪ್ಪಳ ಒಣಗಿಸಲು! ಬಳಗದಲ್ಲಿ ಯಾರ ಕಂಪ್ಯೂಟರ್ ಸತ್ತರೂ ಅದರ ಹಾರ್ಡ್‌ಡಿಸ್ಕು ಇವಳ ಮನೆ ಸೇರುತ್ತದೆ. ಹೀಗೆ ಒಂದೇ ಯಂತ್ರಕ್ಕೆ ನಾಲ್ಕು ಡಿಸ್ಕು. ಎರಡು ಒಳಗೆ, ಎರಡು ಹೊರಗೆ ಸ್ಟೂಲಿನ ಮೇಲೆ.

"ಅವಕ್ಕೂ ಗಾಳಿ ಬ್ಯಾಡೇನ?" ಅಂತಾಳೆ.

ನಾಲ್ಕನೆಯದು ನಾವೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುವ ಬಾಜು ಮನೆಯಾಕೆಯದು. ಮಗಳ ಮದುವೆಯ ಫೋಟೋಗಳೆಲ್ಲ ಅದರಲ್ಲೇ ಇವೆ. ದಿನಾ ಸಂಜೆ ಇಬ್ಬರೂ ಆ ಕಂಪ್ಯೂಟರಿನ ಮುಂದೆ ಕೂತು ಇಸ್ಪೀಟಾಡುತ್ತಾರೆ. ಮೌಸ್ ಹಿಡಿಯುವವಳು ದೊಡ್ಡವ್ವ, ತಪ್ಪಿದಾಗ ಬೈಯುವವರು ಖಾಲಾ.

ಮೊನ್ನೆ ಬೆಳಗಾವಿಯ ಸದಾಶಿವನಗರದಲ್ಲಿದ್ದ ನನಗೆ ಫೋನು ಬಂತು.

"ಲಗೂನ ಬಾರೋ! ಹೊಸಾ ಆಪರೇಟಿಂಗ್ ಸಿಸ್ಟಮ್ ಹಾಕೀನಿ. ಖಾಲಾನ ಡಿಸ್ಕ್ ತಗದ್ರ ಕಂಪ್ಯೂಟರ್ ಏಳವಲ್ದು. ಆಕಿ ಇವತ್ತ ಮನಿ ಖಾಲಿ ಮಾಡಿ ಮಗನ ಕಡೆ ಬೆಳಗಾವಿ ಕ್ಯಾಂಪಿಗೆ ಹೊಂಟಾಳ, ಡಿಸ್ಕ್ ಒಯ್ಬೇಕಂತ!"

ಸ್ಕೂಟರು ದೇಸೂರ ದಾಟುವಷ್ಟರಲ್ಲಿ ಮತ್ತೆ ಫೋನು. ಮದುವೆಯ ಫೋಟೋಗಳೇ ಅಳಿಸಿಹೋದವೇನೋ ಎಂದುಕೊಂಡು ಗಾಡಿ ಬದಿಗೆ ನಿಲ್ಲಿಸಿ ಎತ್ತಿದೆ.

"ಬರೂಮುಂದ ಅರ್ಧ ಕಿಲೋ ಕುಂದಾ ತಾ!"

ಇಂಥ ಹೊತ್ತಿನಲ್ಲಿ ಕುಂದಾ ಮಿಠಾಯಿ! ಬೈದುಕೊಳ್ಳುತ್ತ ವಾಪಸ್ಸು ಬೆಳಗಾವಿಗೆ ಗಾಡಿ ತಿರುಗಿಸಿದೆ.

ಅಂತೂ ಖಾನಾಪುರ ಮುಟ್ಟಿದರೆ, ಬಾಗಿಲಲ್ಲಿ ಸಾಮಾನು ತುಂಬಿದ ಟೆಂಪೊ ನಿಂತಿದೆ. ಡಿಸ್ಕು ಸುತ್ತಿಕೊಳ್ಳಲು ಖಾಲಾ ಟವೆಲ್ ಹಿಡಿದು ಕಾಯುತ್ತಿದ್ದಾರೆ. ನಾನು ಅವರ ಡಿಸ್ಕು ಕಳಚಿ ಗುಂಡಿ ಒತ್ತಿದೆ. ಕಪ್ಪು ಪರದೆ! ಜೋಡಿಸಿದೆ. ಸುಖವಾಗಿ ಎದ್ದಿತು. ಮತ್ತೆ ಕಳಚಿದೆ. ಮತ್ತೆ ಕಪ್ಪು! ಆಗ ಮರ್ಮ ಹೊಳೆಯಿತು.

"ದೊಡ್ಡವ್ವಾ, ಹೊಸಾದು ಹಾಕೂಮುಂದ ಉಳದ ಡಿಸ್ಕ್ ಎಲ್ಲಾ ಕಳಚಬೇಕಿತ್ತು! ಸಿಸ್ಟಮ್ ನಿನ್ನ ಡಿಸ್ಕಿನ್ಯಾಗ ಐತಿ. ಅದನ್ನ ಎಬ್ಬಿಸೂ ಫೈಲ್ ಹೋಗಿ ಖಾಲಾನ ಡಿಸ್ಕಿನ್ಯಾಗ ಕುಂತಾವು!"

"ಪಂಕ್ತಿಯೊಳಗ ಕುಂತವರನ್ನ ನಡುವ ಎಬ್ಬಸ್ತಾರೇನೋ?"

ಗಣಿತ ಕಲಿಸಿದವಳು ಆಡುವ ಮಾತೇ ಇದು?

"ಯಾ ಅಲ್ಲಾ! ನನ್ನ ಫೋಟೋ?" ಖಾಲಾ ಗಾಬರಿಯಾದರು.

"ಒಂದೂ ಹೋಗಿಲ್ರಿ ಖಾಲಾ. ಹತ್ತ ನಿಮಿಷದ ಕೆಲಸ, ಈಗ ಸರಿ..."

ಮಾತು ಮುಗಿಯುವ ಮೊದಲೇ ದೊಡ್ಡವ್ವ ನನ್ನ ಬಾಯಿಗೆ ಒಂದು ಹಿಡಿ ಕುಂದಾ ತುರುಕಿದಳು!

"ಕೇಳಿದೇನ? ನಿನ್ನ ಡಿಸ್ಕ್ ಇಲ್ದ ನನ್ನ ಕಂಪ್ಯೂಟರ್ ಏಳಂಗಿಲ್ಲ. ಐತವಾರಕ್ಕೊಮ್ಮಿ ತಗೊಂಡ ಬರಬೇಕ ನೋಡ."

"ತಿಂಗಳಿಗೊಮ್ಮಿ ಬಂದ್ರ ನಡಿಯೂದಿಲ್ಲೇನ?"

"ನಡಿಯಂಗಿಲ್ಲ! ಕಂಪ್ಯೂಟರಿಗೆ ಜಂಗ ಹಿಡೀತೈತಿ."

ಖಾಲಾ ಕಣ್ಣೊರೆಸಿಕೊಂಡು ನಕ್ಕರು. ಡಿಸ್ಕನ್ನು ಕೂಸಿನಂತೆ ಟವೆಲಿನಲ್ಲಿ ಸುತ್ತಿಕೊಂಡು ಟೆಂಪೊ ಹತ್ತಿದರು.

ಟೆಂಪೊ ತಿರುವು ದಾಟಿತು. ನಾನು ಕುಂದಾ ನುಂಗಿ, ರಿಪೇರಿಗೆಂದು ಪೆನ್‌ಡ್ರೈವ್ ತೆಗೆದೆ.

"ಒಳಗ ಇಡು ಅದನ್ನ," ಅಂದಳು ದೊಡ್ಡವ್ವ. "ಮೊದಲನೇ ಸಲ ಎಲ್ಲಾ ಕಳಚೇ ಹಾಕಿದ್ದೆ. ಚೊಲೋತ್ನಾಗಿ ಚಾಲೂ ಆತು. ಅದಕ್ಕ ಅಳಿಸಿ, ಆಕಿ ಡಿಸ್ಕ್ ಜೋಡಿಸಿ ಮತ್ತ ಹಾಕಿದೆ."

ನಾನು ನಿಂತಲ್ಲೇ ಕಂಬವಾದೆ! "ಮತ್ತ ನನ್ನ ಯಾಕ ಕರದಿ?"

"ನಾ ಹೇಳಿದ್ರ ಆಕಿ ನಂಬ್ತಿದ್ದಿಲ್ಲ. ನನ್ನ ಕಳ್ಳ ಆಟ ದಿನಾ ನೋಡಿದಾಕಿ ಆಕಿ."

"ಆದ್ರ ಐತವಾರದ ತನಕ ಕಂಪ್ಯೂಟರ್ ಬಂದ್ ಇರ್ತೈತಲ್ಲ ದೊಡ್ಡವ್ವಾ?"

"ಇರ್ಲಿ ಬಿಡು. ಒಬ್ಬಾಕೀನ ಕುಂತು ಇಸ್ಪೀಟ ಆಡ್ಲೇನು?"

ನಾನು ಪೆನ್‌ಡ್ರೈವನ್ನು ಜೇಬಿಗಿಳಿಸಿದೆ. ಅವಳು ಸ್ಟೂಲಿನ ಮೇಲೆ ಖಾಲಾನ ಡಿಸ್ಕು ಇದ್ದ ಜಾಗವನ್ನು ಸೆರಗಿನಿಂದ ಒರೆಸಿ, ಅದರ ವೈರುಗಳನ್ನು ಅಲ್ಲಿಯೇ ನೀಟಾಗಿ ಚಾಚಿಟ್ಟಳು.